ವರ್ಲ್ಡ್ ಸೀರೀಸ್ ಮುಗಿದ್ಮೇಲೆ ಸ್ಪ್ರಿಂಗ್ ಟ್ರೈನಿಂಗ್ ತನಕ ಏನ್ ಮಾಡೋದು? ಬೇಸ್‌ಬಾಲ್ ಫ್ಯಾನ್‌ಗೆ ಚಳಿಗಾಲದ ಮಾರ್ಗದರ್ಶಿ

ಅಮೆರಿಕದ ಬೇಸ್‌ಬಾಲ್ ಫೈನಲ್, ಅಂದ್ರೆ ವರ್ಲ್ಡ್ ಸೀರೀಸ್, ಮುಗಿದು ನವೆಂಬರ್ ಬಂತು ಅಂದ್ರೆ ಪ್ರತಿ ವರ್ಷ ಇದೇ ಪ್ರಶ್ನೆ. ಸಿಯಾಟಲ್ ಕಡೆ ಇರೋ ನಮ್ಮ ಕನ್ನಡದವರೂ ಕೇಳ್ತಾರೆ, ಬೆಂಗ್ಳೂರಲ್ಲಿ ಕೂತು ಬೆಳಗಿನ ಜಾವ ಎದ್ದು ಮ್ಯಾಚ್ ನೋಡೋ ಹುಡುಗ್ರೂ ಕೇಳ್ತಾರೆ. ಮ್ಯಾಚ್ ಎಲ್ಲಾ ಮುಗೀತಲ್ಲ ಇನ್ನೇನ್ ನೋಡೋದು, ನಮ್ಮ ಟೀಮಿನ ಆಟಗಾರ ಬೇರೆ ಕಡೆ ಹೋದ ಅಂತಿದಾರೆ ಅದು ಹೇಗೆ, ಸ್ಪ್ರಿಂಗ್ ಟ್ರೈನಿಂಗ್‌ಗೆ (ಸೀಸನ್ನಿಗೆ ಮುಂಚಿನ ಅಭ್ಯಾಸದ ಕ್ಯಾಂಪು) ನಾವೂ ಹೋಗ್ಬಹುದಾ, ಟಿಕೆಟ್ ಎಲ್ಲಿ ಸಿಗತ್ತೆ ಅಂತ. ಒಬ್ಬೊಬ್ಬರಿಗೇ ಉತ್ತರ ಬರೆಯೋ ಬದ್ಲು ಎಲ್ಲಾ ಒಂದೇ ಕಡೆ ಬರೆದಿಡ್ತಿದೀನಿ.

ನಾನು ಸಿಯಾಟಲ್ ಟೀಮು ಮ್ಯಾರಿನರ್ಸ್ ಫ್ಯಾನ್, ಹಾಗಾಗಿ ಉದಾಹರಣೆ ಎಲ್ಲಾ ಆ ಕಡೆಯಿಂದಾನೇ ಬರತ್ತೆ. 1977ರಲ್ಲಿ ಶುರುವಾದ ಟೀಮು, ಇವತ್ತಿನವರೆಗೂ ವರ್ಲ್ಡ್ ಸೀರೀಸ್ ಆಡಿಲ್ಲ, 30 ಟೀಮಲ್ಲಿ ಹಾಗಿರೋದು ಇದೊಂದೇ. 2025ರ ಅಕ್ಟೋಬರಲ್ಲಿ ವರ್ಲ್ಡ್ ಸೀರೀಸಿಗೆ ಹೋಗೋಕೆ ಟೊರಾಂಟೋ ವಿರುದ್ಧ ಕೊನೇ, ಏಳನೇ ಮ್ಯಾಚಲ್ಲಿ ಇನ್ನ ಎಂಟೇ ಎಂಟು ಔಟ್ ಬೇಕಿತ್ತು, ಆಗ ಅವರ ಜಾರ್ಜ್ ಸ್ಪ್ರಿಂಗರ್ ಮೂರು ರನ್ನಿನ ಹೋಮ್ ರನ್ ಹೊಡೆದ, 4-3ಕ್ಕೆ ಸೋತ್ವಿ. ಆ ನೋವು ಇಟ್ಕೊಂಡು ನಾಲ್ಕು ತಿಂಗಳು ಸುಮ್ನೆ ಕೂರೋದು ಕಷ್ಟ. ನಿಜ ಏನಂದ್ರೆ ಆಫ್ ಸೀಸನ್ ಖಾಲಿ ಇರಲ್ಲ, ಅದಕ್ಕೂ ಒಂದು ಲೆಕ್ಕ ಇದೆ, ಅದನ್ನ ಹಿಡ್ಕೊಂಡ್ರೆ ಮಾರ್ಚಲ್ಲಿ ಮೈದಾನದಲ್ಲಿ ನಿಂತಿರೋ ಪ್ರತಿಯೊಬ್ಬನೂ ಅಲ್ಲಿಗೆ ಯಾಕೆ ಬಂದ, ಅವನಿಗೆ ಏನ್ ಬೇಕಾಗಿದೆ ಅಂತ ನಿಮಗೆ ಗೊತ್ತಿರತ್ತೆ.

ಏನೇನ್ ಬೇಕು: ಒಂದು ನೋಟ್‌ಬುಕ್, ಪೆನ್ಸಿಲ್ (ಪೆನ್ ಬೇಡ, ಯಾಕೆ ಅಂತ 5ನೇ ಹಂತದಲ್ಲಿ ಗೊತ್ತಾಗತ್ತೆ), ಫೋನಲ್ಲಿ ಎಂಎಲ್‌ಬಿ ಆ್ಯಪ್, ಅಷ್ಟೆ. ಅರ್ಧ ಟೀಮುಗಳ ಕ್ಯಾಂಪ್ ನಡೆಯೋ ಅರಿಜೋನಾಗೆ ಹೋಗೋ ಯೋಚನೆ ಇದ್ರೆ ಸ್ವಲ್ಪ ದುಡ್ಡು, ಜಾಸ್ತಿ ಸನ್‌ಸ್ಕ್ರೀನು.

1. ಮೊದಲು ತಾರೀಖು ಗುರುತು ಹಾಕ್ಕೊಳ್ಳಿ

ವರ್ಲ್ಡ್ ಸೀರೀಸ್ ಅಕ್ಟೋಬರ್ ಕೊನೆ ಇಲ್ಲಾ ನವೆಂಬರ್ ಮೊದಲ ವಾರ ಮುಗಿಯತ್ತೆ. ಮಾರನೇ ದಿನಾನೇ ಒಪ್ಪಂದ ಮುಗಿದಿರೋ ಆಟಗಾರರು ಫ್ರೀ ಏಜೆಂಟ್ ಆಗ್ತಾರೆ, ಅಂದ್ರೆ ಯಾವ ಟೀಮಿಗೂ ಸೇರಿದವರಲ್ಲ, ಆದ್ರೆ ಬೇರೆ ಟೀಮಿಗೆ ಸಹಿ ಹಾಕೋಕೆ ಐದು ದಿನ ಕಾಯ್ಬೇಕು. ನವೆಂಬರ್ ಮೂರನೇ ವಾರದ ಹೊತ್ತಿಗೆ ನಾನ್-ಟೆಂಡರ್ ಗಡುವು, ಅವತ್ತು ಟೀಮುಗಳು ಕೆಲವರಿಗೆ ಮುಂದಿನ ವರ್ಷದ ಒಪ್ಪಂದ ಕೊಡದೇ ಬಿಟ್ಟುಬಿಡ್ತಾವೆ. ಡಿಸೆಂಬರ್ ಮೊದಲ ಭಾಗದಲ್ಲಿ ವಿಂಟರ್ ಮೀಟಿಂಗ್ಸ್, ಎಲ್ಲಾ ಟೀಮಿನ ಮ್ಯಾನೇಜರ್, ಏಜೆಂಟು, ಪತ್ರಕರ್ತರು ಒಂದೇ ಹೋಟೆಲಲ್ಲಿ ಸೇರ್ತಾರೆ, 2024ರದ್ದು ಡಲ್ಲಾಸಲ್ಲಿತ್ತು, 2025ರದ್ದು ಆರ್ಲ್ಯಾಂಡೋದಲ್ಲಿ. ಜನವರಿ ಮಧ್ಯದಲ್ಲಿ ಆರ್ಬಿಟ್ರೇಶನ್ ಮೊತ್ತಗಳು (ಏನು ಅಂತ 2ನೇ ಹಂತದಲ್ಲಿದೆ), ಜನವರಿ ಕೊನೆ ಭಾಗದಲ್ಲಿ ಹಾಲ್ ಆಫ್ ಫೇಮ್ ಫಲಿತಾಂಶ (ಹಳೇ ದೊಡ್ಡ ಆಟಗಾರರಿಗೆ ಸಿಗೋ ಗೌರವ), ಫೆಬ್ರವರಿ ಎರಡನೇ ವಾರದ ಆಸುಪಾಸು ಬಾಲ್ ಎಸೆಯೋ, ಅದನ್ನ ಬ್ಯಾಟರ್ ಹಿಂದೆ ಕೂತು ಹಿಡಿಯೋ ಪಿಚರ್‌ಗಳು ಕ್ಯಾಚರ್‌ಗಳು ಕ್ಯಾಂಪಿಗೆ ಬರ್ತಾರೆ, ಉಳಿದವರು ಕೆಲವು ದಿನ ಬಿಟ್ಟು. ಪ್ರಾಕ್ಟೀಸ್ ಮ್ಯಾಚು ಫೆಬ್ರವರಿ 20ರ ನಂತರ, ನಿಜವಾದ ಸೀಸನ್ ಮಾರ್ಚ್ ಕೊನೆ ವಾರ.

ಇದನ್ನ ಫೋನ್ ಕ್ಯಾಲೆಂಡರಲ್ಲಿ ಹಾಕ್ಕೊಂಡ್ಬಿಡಿ. ಎಲ್ಲರೂ ಎಡವೋದು ಎಲ್ಲಿ ಅಂದ್ರೆ, ದಿನಾ ಬೆಳಿಗ್ಗೆ ಸಂಜೆ ಸುದ್ದಿ ನೋಡಿ ನೋಡಿ ಡಿಸೆಂಬರ್ ಹೊತ್ತಿಗೆ ಬೇಜಾರಾಗಿ ಬಿಟ್ಟುಬಿಡ್ತಾರೆ. ಈ ದಿನಗಳ ಸುತ್ತಮುತ್ತ ಗಮನ ಕೊಟ್ರೆ ಸಾಕು, ಮಧ್ಯದಲ್ಲಿ ವಾರಗಟ್ಟಲೆ ಏನೂ ಆಗಲ್ಲ, ಅದು ಮಾಮೂಲಿ.

2. ಒಪ್ಪಂದದ ಲೆಕ್ಕ ಅರ್ಥ ಮಾಡ್ಕೊಳ್ಳಿ

ಐಪಿಎಲ್ ನೋಡಿ ಬಂದವರಿಗೆ ಇಲ್ಲೇ ತಲೆ ಕೆಡೋದು. ಐಪಿಎಲಲ್ಲಿ ಹರಾಜಿದೆ, ಪ್ರತಿ ಟೀಮಿಗೂ ಇಷ್ಟೇ ದುಡ್ಡು ಅಂತ ಮಿತಿ ಇದೆ, ಎರಡು ದಿನದಲ್ಲಿ ಎಲ್ಲಾ ಮುಗಿಯತ್ತೆ. ಇಲ್ಲಿ ಹರಾಜೂ ಇಲ್ಲ, ದಾಟಲೇಬಾರದು ಅನ್ನೋ ಗೆರೇನೂ ಇಲ್ಲ. ಒಂದು ಮೊತ್ತ ದಾಟಿದ್ರೆ ಟೀಮು ದಂಡದ ಥರ ತೆರಿಗೆ ಕಟ್ಬೇಕು, 2025ಕ್ಕೆ ಆ ಮೊತ್ತ 241 ಮಿಲಿಯನ್ ಡಾಲರ್ ಇತ್ತು, 2026ಕ್ಕೆ 244. ದುಡ್ಡಿರೋ ಟೀಮುಗಳು ತೆರಿಗೆ ಕಟ್ಕೊಂಡೇ ಖರ್ಚು ಮಾಡ್ತಾವೆ.

ಆಟಗಾರನ ಕಡೆಯಿಂದ ನೋಡಿದ್ರೆ ಹೀಗೆ. ಮೇಜರ್ ಲೀಗಲ್ಲಿ ಮೊದಲ ಮೂರು ವರ್ಷ ಹೆಚ್ಚುಕಮ್ಮಿ ಕನಿಷ್ಠ ಸಂಬಳ (2026ಕ್ಕೆ 7 ಲಕ್ಷ 80 ಸಾವಿರ ಡಾಲರ್), ಟೀಮು ಹೇಳಿದ್ದೇ ಮಾತು. ಆಮೇಲಿನ ಮೂರು ವರ್ಷ ಆರ್ಬಿಟ್ರೇಶನ್, ಅಂದ್ರೆ ಪಂಚಾಯ್ತಿ: ಆಟಗಾರ ಒಂದು ಮೊತ್ತ ಕೇಳ್ತಾನೆ, ಟೀಮು ಒಂದು ಮೊತ್ತ ಹೇಳತ್ತೆ, ಮಾತುಕತೆಯಲ್ಲಿ ಮುಗೀದಿದ್ರೆ ಪಂಚರು ಎರಡರಲ್ಲಿ ಒಂದನ್ನ ಆರಿಸ್ತಾರೆ, ಮಧ್ಯದ ಮೊತ್ತ ಹೇಳೋ ಹಾಗಿಲ್ಲ. ಹಾಗಾಗಿ ಇಬ್ಬರೂ ತೀರಾ ಅತಿಯಾಗಿ ಕೇಳಲ್ಲ. ಒಟ್ಟು ಆರು ವರ್ಷದ ಸೇವೆ ಆದ್ಮೇಲೆ ಫ್ರೀ ಏಜೆಂಟ್. ಒಂದು ವರ್ಷದ ಸೇವೆ ಅಂದ್ರೆ 172 ದಿನ ಮೇಜರ್ ಲೀಗ್ ಪಟ್ಟೀಲಿ ಇರ್ಬೇಕು. ಒಳ್ಳೇ ಹುಡುಗನ್ನ ಏಪ್ರಿಲ್ ಮಧ್ಯದವರೆಗೂ ಮೈನರ್ ಲೀಗಲ್ಲಿ (ಕೆಳಗಿನ ದರ್ಜೆ) ಇಟ್ರು ಅಂತ ಜನ ಬೈಯ್ಕೊಳ್ತಾರಲ್ಲ, ಅದು ಈ 172ರ ಲೆಕ್ಕಕ್ಕೇ.

ಕ್ವಾಲಿಫೈಯಿಂಗ್ ಆಫರ್ ಅನ್ನೋ ಮಾತೂ ಕಿವಿಗೆ ಬೀಳತ್ತೆ. ಹೊರಗೆ ಹೋಗೋ ದೊಡ್ಡ ಆಟಗಾರನಿಗೆ ಹಳೇ ಟೀಮು "ಒಂದು ವರ್ಷ ಇರು, ಇಷ್ಟು ಕೊಡ್ತೀವಿ" ಅಂತ ಕೇಳೋದು, ಮೊತ್ತ ಅತಿ ಹೆಚ್ಚು ಸಂಬಳದ 125 ಜನರ ಸರಾಸರಿ, 2025ರ ನವೆಂಬರಲ್ಲಿ 2 ಕೋಟಿ 20 ಲಕ್ಷ ಡಾಲರ್ ಚಿಲ್ಲರೆ. ಅವನು ಬೇಡ ಅಂದು ಬೇರೆ ಕಡೆ ಹೋದ್ರೆ ಹಳೇ ಟೀಮಿಗೆ ಪರಿಹಾರವಾಗಿ ಡ್ರಾಫ್ಟಲ್ಲಿ (ಟೀಮುಗಳು ಸರದಿ ಪ್ರಕಾರ ಹೊಸ ಹುಡುಗರನ್ನ ಆರಿಸೋದು) ಒಂದು ಆಯ್ಕೆ ಸಿಗಬಹುದು.

ದೊಡ್ಡ ದೊಡ್ಡ ಅಂಕಿ ನೋಡಿ ಮೋಸ ಹೋಗ್ಬೇಡಿ, ದುಡ್ಡು ಯಾವಾಗ ಕೈಗೆ ಬರತ್ತೆ ಅಂತ ನೋಡಿ. ಶೋಹೇ ಒಹ್ಟಾನಿ 2023ರ ಡಿಸೆಂಬರಲ್ಲಿ ಡಾಡ್ಜರ್ಸ್ ಜೊತೆ 10 ವರ್ಷಕ್ಕೆ 700 ಮಿಲಿಯನ್ ಡಾಲರಿಗೆ ಒಪ್ಕೊಂಡ, ಆದ್ರೆ ಆಡೋ ಹತ್ತು ವರ್ಷ ತಗೊಳ್ಳೋದು ವರ್ಷಕ್ಕೆ 2 ಮಿಲಿಯನ್, ಉಳಿದ 680 ಮಿಲಿಯನ್ 2034ರಿಂದ 2043ರವರೆಗೆ. ಇದನ್ನ ಡಿಫರ್ಡ್ ಮನಿ ಅಂತಾರೆ, ಮುಂದಕ್ಕೆ ಹಾಕಿದ ಸಂಬಳ. ಮುಂದಿನ ವರ್ಷ ವಾನ್ ಸೋಟೋ ಮೆಟ್ಸ್ ಜೊತೆ 15 ವರ್ಷಕ್ಕೆ 765 ಮಿಲಿಯನ್ ಸಹಿ ಮಾಡಿದ, ಅದರಲ್ಲಿ ಮುಂದಕ್ಕೆ ಹಾಕಿದ್ದು ಒಂದು ಡಾಲರೂ ಇಲ್ಲ. ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ತೂಗೋಕಾಗಲ್ಲ.

3. ಸುದ್ದಿ ಯಾವುದು, ಗಾಳಿಸುದ್ದಿ ಯಾವುದು

ಚಳಿಗಾಲದ ಈ ವ್ಯಾಪಾರದ ಮಾತಿಗೆಲ್ಲಾ ಒಟ್ಟಾಗಿ ಹಾಟ್ ಸ್ಟೋವ್ ಅಂತಾರೆ. ಇದರಲ್ಲಿ ಮುಕ್ಕಾಲು ಪಾಲು ಗಾಳಿಮಾತು, ಏಜೆಂಟುಗಳು ಬೆಲೆ ಏರಿಸೋಕೆ ಬಿಡೋದೂ ಇರತ್ತೆ. ಒಹ್ಟಾನಿದೇ ಉದಾಹರಣೆ ಸಾಕು: 2023ರ ಡಿಸೆಂಬರ್ 8ಕ್ಕೆ ಅವನು ಟೊರಾಂಟೋಗೆ ಸೇರ್ತಾನೆ, ವಿಮಾನದಲ್ಲಿ ಹೊರಟಿದಾನೆ ಅಂತ ಸುದ್ದಿ ಆಯ್ತು, ಕ್ಯಾಲಿಫೋರ್ನಿಯಾದಿಂದ ಟೊರಾಂಟೋಗೆ ಹೋಗ್ತಿದ್ದ ಒಂದು ಖಾಸಗಿ ವಿಮಾನವನ್ನ ಸಾವಿರಾರು ಜನ ಫೋನಲ್ಲಿ ಹಿಂಬಾಲಿಸಿದ್ರು, ಇಳಿದ್ರೆ ಅದರಲ್ಲಿ ಇದ್ದದ್ದು ಕೆನಡಾದ ಒಬ್ಬ ಉದ್ಯಮಿ. ಮಾರನೇ ದಿನ ಒಹ್ಟಾನಿ ತಾನೇ ಇನ್‌ಸ್ಟಾಗ್ರಾಮಲ್ಲಿ ಡಾಡ್ಜರ್ಸ್ ಅಂತ ಹಾಕಿದ. ಪಾಪ ಟೊರಾಂಟೋ ಫ್ಯಾನುಗಳು.

ನೀವು ಮಾಡ್ಬೇಕಾಗಿರೋದು ಇಷ್ಟು: "ಆಸಕ್ತಿ ತೋರಿಸಿದೆ", "ಮಾತುಕತೇಲಿದೆ" ಅನ್ನೋದನ್ನ ಓದಿ ಬಿಟ್ಬಿಡಿ, "ಒಪ್ಪಂದ ಆಗಿದೆ, ಮೆಡಿಕಲ್ ಬಾಕಿ" ಅಂತ ಬಂದಾಗ ನಿಜ ಅನ್ಕೊಳ್ಳಿ, ಟೀಮು ಅಧಿಕೃತವಾಗಿ ಹೇಳಿದಾಗ ಮಾತ್ರ ಜರ್ಸಿ ಆರ್ಡರ್ ಮಾಡಿ. ಮೆಡಿಕಲ್ ಬಾಕಿ ಅನ್ನೋದನ್ನ ಹಗುರವಾಗಿ ತಗೋಬೇಡಿ, ಕಾರ್ಲೋಸ್ ಕೊರಿಯಾ 2022-23ರ ಚಳಿಗಾಲದಲ್ಲಿ ಮೊದ್ಲು ಜೈಂಟ್ಸ್, ಆಮೇಲೆ ಮೆಟ್ಸ್ ಜೊತೆ 300 ಮಿಲಿಯನ್ನಿಗೂ ಮೀರಿದ ಒಪ್ಪಂದ ಮಾಡ್ಕೊಂಡ, ಎರಡೂ ಕಾಲಿನ ಮೆಡಿಕಲ್ ರಿಪೋರ್ಟಿನ ಮೇಲೆ ಮುರಿದುಬಿತ್ತು, ಕೊನೆಗೆ ಹಳೇ ಟೀಮು ಮಿನೆಸೋಟಾಗೇ ವಾಪಸ್ ಹೋದ. ಇನ್ನೊಂದು, ಹೆಸರಾಂತ ವರದಿಗಾರರ ಹೆಸರಲ್ಲಿ ನಕಲಿ ಖಾತೆಗಳು ತುಂಬಾ ಇವೆ, ಒಂದು ಅಕ್ಷರ ಹೆಚ್ಚುಕಮ್ಮಿ ಇರತ್ತೆ, ಫಾರ್ವರ್ಡ್ ಮಾಡೋ ಮುಂಚೆ ನೋಡ್ಕೊಳ್ಳಿ.

4. ನಿಮ್ಮ ಟೀಮಿನ 40 ಜನರ ಪಟ್ಟಿ ಕೈಯಲ್ಲಿ ಬರೀರಿ

ಆ್ಯಪಲ್ಲಿ ಇದೆಯಲ್ಲ ಅಂತ ಬಿಡ್ಬೇಡಿ, ಬರೆದ್ರೇ ತಲೇಲಿ ಕೂರೋದು. ಪ್ರತಿ ಟೀಮಿಗೂ 40 ಜನರ ದೊಡ್ಡ ಪಟ್ಟಿ, ಅದರಲ್ಲಿ ಸೀಸನ್ ಶುರುವಾದಾಗ ಆಡೋ 26 ಜನ. ಹೆಸರಿನ ಮುಂದೆ ಮೂರು ವಿಷಯ ಬರೀರಿ: ಏನ್ ಆಡ್ತಾನೆ, ಎಷ್ಟು ವರ್ಷದ ಸೇವೆ, ಆಪ್ಷನ್ ಎಷ್ಟು ಉಳಿದಿದೆ.

ಆಪ್ಷನ್ ಅಂದ್ರೆ ಆಟಗಾರನ್ನ ಮೈನರ್ ಲೀಗಿಗೆ ಕಳಿಸಿ ಮತ್ತೆ ಕರ್ಸ್ಕೊಳ್ಳೋ ಹಕ್ಕು. ಸಾಮಾನ್ಯವಾಗಿ ಮೂರು ಸೀಸನ್ ಸಿಗತ್ತೆ, ಅದು ಮುಗಿದ್ಮೇಲೆ ಕೆಳಗೆ ಕಳಿಸ್ಬೇಕು ಅಂದ್ರೆ ಮೊದ್ಲು ವೇವರ್ಸ್‌ಗೆ ಹಾಕ್ಬೇಕು, ಅಂದ್ರೆ ಬೇರೆ 29 ಟೀಮಿಗೆ "ಬೇಕಾ" ಅಂತ ಕೇಳ್ಬೇಕು. ಮಾರ್ಚಲ್ಲಿ ಚೆನ್ನಾಗಿ ಆಡಿದ ಹುಡುಗನ್ನ ಕೆಳಗೆ ಕಳಿಸಿ ಸಾಧಾರಣ ಆಡಿದವನನ್ನ ಇಟ್ಕೊಂಡ್ರು ಅಂತ ನೀವು ಕೂಗಾಡೋ ಮುಂಚೆ ಈ ಕಾಲಮ್ ನೋಡಿ, ಹತ್ತಕ್ಕೆ ಏಳೆಂಟು ಸಲ ಉತ್ತರ ಅಲ್ಲೇ ಇರತ್ತೆ.

ರೂಲ್ 5 ಡ್ರಾಫ್ಟಲ್ಲಿ ಬಂದವನಿದ್ರೆ ಅವನ ಹೆಸರಿಗೆ ಗುರುತು ಹಾಕಿ. ಬೇರೆ ಟೀಮು 40ರ ಪಟ್ಟಿಗೆ ಸೇರಿಸದೇ ಬಿಟ್ಟಿರೋ ಹುಡುಗನ್ನ 1 ಲಕ್ಷ ಡಾಲರ್ ಕೊಟ್ಟು ತಗೋಬಹುದು, ಷರತ್ತು ಏನಂದ್ರೆ ಇಡೀ ಸೀಸನ್ ಅವನನ್ನ 26ರಲ್ಲೇ ಇಟ್ಕೋಬೇಕು, ಇಲ್ಲಾಂದ್ರೆ ವಾಪಸ್ ಕೊಡೋಕೆ ಮುಂದಾಗ್ಬೇಕು. ಯಾರ್ ಸಿಗ್ತಾರೆ ಇದರಲ್ಲಿ ಅನ್ಬೇಡಿ, ಮುಂದೆ ದೊಡ್ಡ ಹೆಸರು ಮಾಡಿದ ರೊಬರ್ಟೋ ಕ್ಲೆಮೆಂಟೆಯನ್ನ ಪಿಟ್ಸ್‌ಬರ್ಗ್ 1954ರಲ್ಲಿ ಡಾಡ್ಜರ್ಸ್ ಕೈಯಿಂದ ತಗೊಂಡಿದ್ದು ಈ ದಾರೀಲೇ.

ಮ್ಯಾರಿನರ್ಸ್ ಪಟ್ಟೀಲಿ ಈ ಸಲ ನಾನು ಮೊದ್ಲು ಬರೆದ ಹೆಸರು ಜಾಶ್ ನೇಲರ್, ಫಸ್ಟ್ ಬೇಸ್. 2025ರ ಜುಲೈನಲ್ಲಿ ಅರಿಜೋನಾದಿಂದ ಬಂದ, ನವೆಂಬರಲ್ಲಿ ಐದು ವರ್ಷಕ್ಕೆ ಇಲ್ಲೇ ಉಳ್ಕೊಂಡ, ತುಂಬಾ ಸಮಾಧಾನ ಆಯ್ತು. ಹೊಡೆದು ಹಾಕಿದ ಹೆಸರು ಹೋರ್ಹೆ ಪೊಲಾಂಕೋ, ಮೆಟ್ಸಿಗೆ ಹೋದ, ಅದು ಇನ್ನೂ ಬೇಜಾರಿದೆ.

5. ಹಳೇ ಮ್ಯಾಚ್ ಹಾಕ್ಕೊಂಡು ಸ್ಕೋರ್ ಬರೆಯೋದು ಕಲೀರಿ

ನನ್ನ ಕೇಳಿದ್ರೆ ಇಡೀ ಚಳಿಗಾಲದಲ್ಲಿ ಮಾಡ್ಬೇಕಾದ ಒಂದೇ ಒಂದು ಕೆಲಸ ಅಂದ್ರೆ ಇದು, ಉಳಿದದ್ದೆಲ್ಲಾ ಬಿಟ್ರೂ ಇದನ್ನ ಬಿಡ್ಬೇಡಿ. ಯೂಟ್ಯೂಬಲ್ಲಿ ಎಂಎಲ್‌ಬಿ ಚಾನೆಲಲ್ಲಿ ಹಳೇ ಪೂರ್ತಿ ಮ್ಯಾಚುಗಳಿವೆ, ಬೇಕಾದ ಕಡೆ ನಿಲ್ಲಿಸಿ ನಿಲ್ಲಿಸಿ ಬರೀಬಹುದು, ಲೈವ್ ಮ್ಯಾಚಲ್ಲಿ ಅದಾಗಲ್ಲ.

ಮೈದಾನದ ಒಂಬತ್ತು ಜಾಗಕ್ಕೂ ಒಂದೊಂದು ನಂಬರ್ ಇದೆ: ಪಿಚರ್ 1, ಕ್ಯಾಚರ್ 2, ಫಸ್ಟ್ ಬೇಸ್ 3, ಸೆಕೆಂಡ್ ಬೇಸ್ 4, ಥರ್ಡ್ ಬೇಸ್ 5, ಶಾರ್ಟ್‌ಸ್ಟಾಪ್ 6, ಲೆಫ್ಟ್ ಫೀಲ್ಡ್ 7, ಸೆಂಟರ್ 8, ರೈಟ್ 9. ಇಲ್ಲಿ ಎಲ್ಲರೂ ತಪ್ಪೋದು 5 ಮತ್ತು 6ರಲ್ಲಿ. ಶಾರ್ಟ್‌ಸ್ಟಾಪ್ ನಿಲ್ಲೋದು ಸೆಕೆಂಡ್ ಮತ್ತು ಥರ್ಡ್ ಬೇಸಿನ ನಡುವೆ, ಹಾಗಾಗಿ ಸಾಲಾಗಿ ಎಣಿಸಿದ್ರೆ ಅವನೇ 5 ಆಗ್ಬೇಕಿತ್ತು ಅನ್ಸತ್ತೆ, ಆದ್ರೆ ಅಲ್ಲ, ಮೊದ್ಲು ಬೇಸ್ ಕಾಯೋರು, ಆಮೇಲೆ ಇವನು. ಜರ್ಸಿ ನಂಬರಿಗೂ ಇದಕ್ಕೂ ಸಂಬಂಧ ಇಲ್ಲ.

ಈಗ ಬರೆಯೋದು. ಫಸ್ಟ್ ಬೇಸಲ್ಲಿ ಒಬ್ಬ ರನ್ನರ್ ಇದಾನೆ, ಬ್ಯಾಟರ್ ನೆಲದ ಮೇಲೆ ಹೊಡೆದ, ಶಾರ್ಟ್‌ಸ್ಟಾಪ್ ಹಿಡಿದು ಸೆಕೆಂಡ್ ಬೇಸಿಗೆ ಎಸೆದ, ಅಲ್ಲಿಂದ ಫಸ್ಟ್ ಬೇಸಿಗೆ, ಇಬ್ಬರು ಔಟ್. ನೀವು ಬರೆಯೋದು 6-4-3, ಅಷ್ಟೆ. ಸೆಂಟರ್ ಫೀಲ್ಡರ್ ಕ್ಯಾಚ್ ಹಿಡಿದ್ರೆ ಬರೀ 8. ಸ್ಟ್ರೈಕ್‌ಔಟ್ ಆದ್ರೆ (ಮೂರು ಸ್ಟ್ರೈಕ್ ಬಿದ್ದು ಔಟ್) ಇಂಗ್ಲಿಷಿನ ಕೆ ಅಕ್ಷರ, ಬ್ಯಾಟ್ ಬೀಸದೇ ನೋಡ್ತಾ ನಿಂತು ಔಟಾದ್ರೆ ಅದೇ ಕೆ ಅಕ್ಷರವನ್ನ ಕನ್ನಡೀಲಿ ಕಂಡ ಹಾಗೆ ಹಿಂದುಮುಂದು. ರನ್ನರ್ ಹೋದ ದಾರೀನ ಪುಟ್ಟ ವಜ್ರದಾಕಾರದ ಚೌಕದಲ್ಲಿ ಗೆರೆ ಎಳೆದು ತೋರಿಸಿ, ಹೋಮ್ ಪ್ಲೇಟಿಗೆ ವಾಪಸ್ ಬಂದು ರನ್ ಆದ್ರೆ ಚೌಕ ತುಂಬಿ. ಪೆನ್ಸಿಲ್ ಯಾಕೆ ಅಂದ್ರೆ ಅಂಪೈರ್ ಸೇಫ್ ಅಂದಿದ್ದು ರಿಪ್ಲೇ ನೋಡಿ ಔಟ್ ಆಗತ್ತೆ, ನೀವು ಅಳಿಸ್ಬೇಕಾಗತ್ತೆ.

ಶುರು ಮಾಡೋಕೆ 1991ರ ವರ್ಲ್ಡ್ ಸೀರೀಸ್ ಏಳನೇ ಮ್ಯಾಚ್ ಒಳ್ಳೇದು, ಮಿನೆಸೋಟಾ 1-0, ಜ್ಯಾಕ್ ಮಾರಿಸ್ ಒಬ್ಬನೇ ಹತ್ತು ಇನ್ನಿಂಗ್ಸ್ (ಮಾಮೂಲಿ ಮ್ಯಾಚಿಗೆ ಒಂಬತ್ತು) ಎಸೆದ, ರನ್ ಕಮ್ಮಿ ಇರೋದ್ರಿಂದ ಪುಟ ಗಲೀಜಾಗಲ್ಲ. ಕೈ ಕುದುರಿದ್ಮೇಲೆ 2025ರ ಅಕ್ಟೋಬರ್ 10ರ ಡೆಟ್ರಾಯ್ಟ್-ಮ್ಯಾರಿನರ್ಸ್ ಐದನೇ ಮ್ಯಾಚ್ ಹಾಕಿ, 15 ಇನ್ನಿಂಗ್ಸ್ ಹೋಗಿ ಪೊಲಾಂಕೋ ಹೊಡೆತಕ್ಕೆ 3-2 ಗೆದ್ದಿದ್ದು. ಎರಡು ಪುಟ ಸಾಲಲ್ಲ, ಪಿಚರ್‌ಗಳ ಹೆಸರು ಬರೆಯೋಕೆ ಬೇರೆ ಹಾಳೆ ಅಂಟಿಸ್ಬೇಕು. ಆದ್ರೆ ಆ ಪುಟ ನೋಡ್ತಾ ಹೋದ್ರೆ ಯಾವ ಇನ್ನಿಂಗ್ಸಲ್ಲಿ ಎಷ್ಟು ಜನ ಬೇಸ್ ಮೇಲೇ ಉಳಿದುಬಿಟ್ರು, ಎಲ್ಲಿ ಗೆಲ್ಬಹುದಿತ್ತು ಅಂತ ಟಿವಿ ನೋಡ್ದಾಗ ಕಾಣ್ದೇ ಇದ್ದದ್ದೆಲ್ಲಾ ಕಾಣತ್ತೆ.

6. ಆಟಾನೇ ಬೇಕು ಅನ್ನೋರಿಗೆ ವಿಂಟರ್ ಲೀಗ್

ಡೊಮಿನಿಕನ್ ರಿಪಬ್ಲಿಕ್, ವೆನೆಜುವೆಲಾ, ಮೆಕ್ಸಿಕೋ, ಪೋರ್ಟೊ ರಿಕೋದಲ್ಲಿ ಅಕ್ಟೋಬರ್-ನವೆಂಬರಿಂದ ಜನವರಿ ಕೊನೆವರೆಗೆ ಲೀಗ್ ನಡೆಯತ್ತೆ, ಆಮೇಲೆ ಫೆಬ್ರವರಿ ಮೊದಲಲ್ಲಿ ಕೆರಿಬಿಯನ್ ಸೀರೀಸ್. ಡೊಮಿನಿಕನ್ ಲೀಗಲ್ಲಿ ಲಿಸೇ ಮತ್ತು ಆಗಿಲಾಸ್ ಅನ್ನೋ ಎರಡು ಟೀಮಿನ ಮ್ಯಾಚ್ ಇದ್ದ ದಿನ ತಪ್ಪಿಸ್ಬೇಡಿ, ಗ್ಯಾಲರೀಲಿ ಒಂಬತ್ತೂ ಇನ್ನಿಂಗ್ಸ್ ಡ್ರಮ್ಮು ತುತ್ತೂರಿ ನಿಲ್ಲಲ್ಲ. ಅಲ್ಲಿ ಸಂಜೆ 7:15ಕ್ಕೆ ಶುರುವಾದ್ರೆ ಬೆಂಗ್ಳೂರಲ್ಲಿ ಬೆಳಿಗ್ಗೆ 4:45.

ಹಾಲ್ ಆಫ್ ಫೇಮ್ ಬಗ್ಗೆ ಎರಡೇ ಮಾತು: ಹಿರಿಯ ಬೇಸ್‌ಬಾಲ್ ಪತ್ರಕರ್ತರು ವೋಟ್ ಹಾಕ್ತಾರೆ, ಶೇಕಡಾ 75 ಬೇಕು, 5ಕ್ಕಿಂತ ಕಮ್ಮಿ ಬಂದ್ರೆ ಪಟ್ಟಿಯಿಂದ ಹೊರಗೆ, ಹೆಚ್ಚೆಂದ್ರೆ ಹತ್ತು ವರ್ಷ ಅವಕಾಶ. ನಮ್ಮ ಮ್ಯಾರಿನರ್ಸ್‌ನ ಹಳೇ ಆಟಗಾರ ಇಚಿರೋಗೆ 2025ರಲ್ಲಿ 394ರಲ್ಲಿ 393 ವೋಟ್ ಬಂತು. ಆ ಒಂದು ವೋಟ್ ಹಾಕ್ದೇ ಇದ್ದವರು ಯಾರು ಅಂತ ಹುಡುಕ್ತಾ ಕೂರ್ಬೇಡಿ, ಅದರಿಂದ ಸಮಯ ಹಾಳು.

7. ಅರಿಜೋನಾ ಪ್ರವಾಸ ಪ್ಲ್ಯಾನ್ ಮಾಡೋದು

30 ಟೀಮಲ್ಲಿ 15 ಫ್ಲೋರಿಡಾಕ್ಕೆ ಹೋಗ್ತಾವೆ, ಅದು ಗ್ರೇಪ್‌ಫ್ರೂಟ್ ಲೀಗ್, ಉಳಿದ 15 ಅರಿಜೋನಾಕ್ಕೆ, ಕ್ಯಾಕ್ಟಸ್ ಲೀಗ್. ನಿಮ್ಮ ಟೀಮ್ ಯಾವ ಕಡೆ ಅಂತ ಮೊದ್ಲು ನೋಡಿ. ಎರಡರಲ್ಲಿ ಯಾವ್ದಾದ್ರೂ ಸರಿ ಅಂದ್ರೆ ನನ್ನ ಮಾತು ಕೇಳಿ ಅರಿಜೋನಾ ಆರಿಸಿ, ಯಾಕಂದ್ರೆ ಹತ್ತೂ ಸ್ಟೇಡಿಯಂ ಫೀನಿಕ್ಸ್ ಸುತ್ತಮುತ್ತಾನೇ ಇವೆ, ಮಧ್ಯಾಹ್ನ ಒಂದು ಕಡೆ, ರಾತ್ರಿ ಇನ್ನೊಂದು ಕಡೆ ನೋಡ್ಬಹುದು. ಫ್ಲೋರಿಡಾದಲ್ಲಿ ಒಂದೊಂದು ಕ್ಯಾಂಪ್ ಗಂಟೆಗಟ್ಟಲೆ ದೂರ.

ಹೋಟೆಲ್ ಬುಕ್ ಮಾಡೋ ಮುಂಚೆ ಇದನ್ನ ಓದಿ. ಊರಿನ ಪಶ್ಚಿಮಕ್ಕೆ ಪಿಯೋರಿಯಾ (ಮ್ಯಾರಿನರ್ಸ್, ಪಾಡ್ರೇಸ್), ಸರ್ಪ್ರೈಸ್ (ರೇಂಜರ್ಸ್, ರಾಯಲ್ಸ್), ಗ್ಲೆಂಡೇಲ್‌ನ ಕ್ಯಾಮಲ್‌ಬ್ಯಾಕ್ ರ‍್ಯಾಂಚ್ (ಡಾಡ್ಜರ್ಸ್, ವೈಟ್ ಸಾಕ್ಸ್), ಗುಡ್‌ಇಯರ್ (ಗಾರ್ಡಿಯನ್ಸ್, ರೆಡ್ಸ್), ಮೇರಿವೇಲ್ (ಬ್ರೂವರ್ಸ್). ಪೂರ್ವಕ್ಕೆ ಸ್ಕಾಟ್ಸ್‌ಡೇಲ್ (ಜೈಂಟ್ಸ್), ಸಾಲ್ಟ್ ರಿವರ್ (ಡೈಮಂಡ್‌ಬ್ಯಾಕ್ಸ್, ರಾಕೀಸ್), ಮೇಸಾದಲ್ಲಿ ಎರಡು (ಕಬ್ಸ್ ಒಂದು, ಅಥ್ಲೆಟಿಕ್ಸ್ ಒಂದು), ಟೆಂಪೆ (ಏಂಜಲ್ಸ್). ಬಹಳ ಜನ ಮಾಡೋ ತಪ್ಪು ಅಂದ್ರೆ ಮ್ಯಾರಿನರ್ಸ್ ನೋಡೋಕೆ ಬಂದು ಚೆನ್ನಾಗಿದೆ ಅಂತ ಸ್ಕಾಟ್ಸ್‌ಡೇಲಲ್ಲಿ ರೂಮ್ ಮಾಡೋದು, ಆಮೇಲೆ ದಿನಾ ಸಂಜೆ ಟ್ರಾಫಿಕ್ಕಲ್ಲಿ ಕೂರೋದು. ನಿಮ್ಮ ಟೀಮ್ ಯಾವ ಕಡೆಯೋ ಆ ಕಡೆ ಇರಿ. ಬಾಡಿಗೆ ಕಾರ್ ಬೇಕೇ ಬೇಕು, ಬಸ್ಸು ನಂಬ್ಕೊಂಡು ಆಗಲ್ಲ. ಮಾರ್ಚ್ ಮಧ್ಯಕ್ಕೆ ಶಾಲೆ ಕಾಲೇಜಿನ ರಜೆ ಸೇರಿ ಹೋಟೆಲ್ ರೇಟ್ ಏರಿಬಿಡತ್ತೆ, ಫೆಬ್ರವರಿ ಕೊನೆ ವಾರ ಇದ್ದಿದ್ರಲ್ಲಿ ಅಗ್ಗ, ಜನಾನೂ ಕಮ್ಮಿ.

ಟಿಕೆಟ್ ಸಾಮಾನ್ಯವಾಗಿ ಡಿಸೆಂಬರ್-ಜನವರೀಲಿ ಟೀಮಿನ ಸೈಟಲ್ಲೇ ಬರತ್ತೆ, ಅಲ್ಲೇ ತಗೊಳ್ಳಿ. ಔಟ್‌ಫೀಲ್ಡ್ ಹಿಂದೆ ಹುಲ್ಲಿನ ದಿಬ್ಬ ಇರತ್ತೆ, ಅದು ಎಲ್ಲಕ್ಕಿಂತ ಅಗ್ಗ, ಚಾಪೆ ಹಾಸ್ಕೊಂಡು ಕೂರ್ಬಹುದು, ಮಕ್ಕಳಿದ್ರೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಆದ್ರೆ ಅಲ್ಲಿ ನೆರಳಿಲ್ಲ. ಮಾರ್ಚ್ ಮಧ್ಯಾಹ್ನ 25ರಿಂದ 30 ಡಿಗ್ರಿ ಅಷ್ಟೇ ಅಲ್ವಾ, ನಮ್ಮೂರಿನ ಬಿಸಿಲು ಕಂಡವರು ನಾವು ಅನ್ಕೋಬೇಡಿ, ಒಣ ಹವೆ, ಬೆವರೇ ಗೊತ್ತಾಗಲ್ಲ, ತಲೆನೋವು ಬಂದ್ಮೇಲೇ ಗೊತ್ತಾಗೋದು. ಊರಿಂದ ಬಂದಿರೋ ಅಪ್ಪ ಅಮ್ಮನ್ನ ಕರ್ಕೊಂಡು ಹೋಗ್ತಿದ್ರೆ ದುಡ್ಡು ಜಾಸ್ತಿ ಆದ್ರೂ ಚಾವಣಿ ಕೆಳಗಿನ ಸೀಟ್ ತಗೊಳ್ಳಿ, ರಾತ್ರಿ ಮ್ಯಾಚಾದ್ರೆ ಸ್ವೆಟರ್ ಇರ್ಲಿ. ಊಟ, ನೀರಿನ ಬಾಟಲ್, ಬ್ಯಾಗಿನ ನಿಯಮ ಒಂದೊಂದು ಸ್ಟೇಡಿಯಮ್ಮಲ್ಲಿ ಒಂದೊಂದು ಥರ, ಚಿತ್ರಾನ್ನದ ಡಬ್ಬಿ ಕಟ್ಟೋ ಮುಂಚೆ ಸೈಟಲ್ಲಿ ನೋಡ್ಕೊಳ್ಳಿ.

2026ಕ್ಕೆ ಒಂದು ವಿಶೇಷ ಎಚ್ಚರಿಕೆ. ಮಾರ್ಚ್ 5ರಿಂದ 17ರವರೆಗೆ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಇದೆ, ದೇಶದೇಶದ ಟೂರ್ನಿ, ದೊಡ್ಡ ಹೆಸರಿನ ಆಟಗಾರರು ಕ್ಯಾಂಪ್ ಬಿಟ್ಟು ಅಲ್ಲಿಗೆ ಹೋಗಿರ್ತಾರೆ. 2025ರಲ್ಲಿ 60 ಹೋಮ್ ರನ್ ಹೊಡೆದ ಕ್ಯಾಲ್ ರಾಲಿನ ನೋಡ್ಬೇಕು ಅಂತ ಮಗು ಹಟ ಮಾಡ್ತಿದ್ರೆ ಆ ದಿನಗಳಲ್ಲಿ ಪಿಯೋರಿಯಾಗೆ ಹೋಗ್ಬೇಡಿ, ಅವನು ಅಮೆರಿಕ ಟೀಮಲ್ಲಿ ಇರ್ತಾನೆ. ಅದಕ್ಕೆ ಮುಂಚೆ ಇಲ್ಲಾ ಆಮೇಲೆ ಹೋಗಿ.

8. ಕ್ಯಾಂಪಿಗೆ ಹೋದ್ಮೇಲೆ ಏನ್ ನೋಡ್ಬೇಕು

ಮ್ಯಾಚ್ ಒಂದು ಗಂಟೆಗೆ ಅಂತ ಹನ್ನೆರಡೂವರೆಗೆ ಹೋಗೋರು ಅರ್ಧ ಕಳ್ಕೊಂಡ ಹಾಗೆ. ಬೆಳಿಗ್ಗೆ ಹಿಂದಿನ ಪ್ರಾಕ್ಟೀಸ್ ಮೈದಾನಗಳಲ್ಲಿ ಆಟಗಾರರು ಇರ್ತಾರೆ, ಯಾವತ್ತು ಎಷ್ಟೊತ್ತಿಗೆ ಜನರನ್ನ ಬಿಡ್ತಾರೆ ಅಂತ ಟೀಮಿನ ಸೈಟಲ್ಲಿ ನೋಡಿ ಹೋಗಿ. ಜಾಲರಿ ಬೇಲಿಯ ಪಕ್ಕ ನಿಂತ್ರೆ ಪಿಚರ್ ಎಸೆದ ಬಾಲ್ ಕ್ಯಾಚರ್ ಗ್ಲೌಸಿಗೆ ಬಡಿಯೋ ಸದ್ದು ಎದೆಗೇ ಬಡಿದ ಹಾಗಾಗತ್ತೆ, ಟಿವೀಲಿ ಅದು ಬರೋದೇ ಇಲ್ಲ.

ಅಲ್ಲಿ ಪಿಚರ್‌ಗಳ ಫೀಲ್ಡಿಂಗ್ ಪ್ರಾಕ್ಟೀಸ್ ಒಂದಿದೆ, ಪಿಎಫ್‌ಪಿ ಅಂತಾರೆ, ಬೋರ್ ಅಂತ ಜನ ಮುಂದೆ ಹೋಗಿಬಿಡ್ತಾರೆ, ನೀವು ಹತ್ತು ನಿಮಿಷ ನಿಂತು ನೋಡಿ. ಪಿಚರ್ ಎಸೆಯೋ ಹಾಗೆ ಮಾಡ್ತಾನೆ, ಕೋಚ್ ಫಸ್ಟ್ ಬೇಸ್ ಕಡೆ ನೆಲದ ಮೇಲೆ ಹೊಡೀತಾನೆ, ಫಸ್ಟ್ ಬೇಸಿನವನು ಬಾಲ್ ಹಿಡಿಯೋಕೆ ಬೇಸ್ ಬಿಟ್ಟು ಬಂದ, ಹಾಗಾಗಿ ಪಿಚರೇ ಓಡಿ ಹೋಗಿ ಬೇಸ್ ಕಾಯ್ಬೇಕು. ಅವನು ನೇರ ಬೇಸಿಗೆ ಓಡಲ್ಲ, ಮೊದ್ಲು ಗೆರೆ ಕಡೆ ಓಡಿ ಆಮೇಲೆ ತಿರುಗಿ ಗೆರೆಗೆ ಸಮಾನಾಂತರವಾಗಿ ಓಡ್ತಾನೆ, ಓಡ್ತಾನೇ ಬಾಲ್ ಹಿಡಿದು ಬಲಗಾಲಲ್ಲಿ ಬೇಸಿನ ಒಳ ಅಂಚು ತುಳಿದು ಮೈದಾನದೊಳಗೆ ತಿರುಗ್ತಾನೆ, ಇಲ್ಲಾಂದ್ರೆ ಓಡಿ ಬರ್ತಿರೋ ಬ್ಯಾಟರಿಗೆ ಡಿಕ್ಕಿ. ನಿಮ್ಮ ಪುಸ್ತಕದಲ್ಲಿ ಇದು 3-1. ಅಕ್ಟೋಬರಲ್ಲಿ ಒಂದು ಮ್ಯಾಚ್ ಇದರ ಮೇಲೇ ನಿಲ್ಲಬಹುದು, ಫೆಬ್ರವರೀಲಿ ಅದೇ ಹೆಜ್ಜೇನ ಕೋಟಿಗಟ್ಟಲೆ ಸಂಬಳದವನೂ ಇಪ್ಪತ್ತರ ಹುಡುಗನೂ ಒಂದೇ ಸಾಲಲ್ಲಿ ನಿಂತು ಮತ್ತೆ ಮತ್ತೆ ಹಾಕ್ತಿರ್ತಾರೆ. ನನಗೆ ಇಡೀ ಕ್ಯಾಂಪಲ್ಲಿ ತುಂಬಾ ಇಷ್ಟ ಆಗೋದು ಅದೇ.

ಮ್ಯಾಚಿನ ವಿಷಯಕ್ಕೆ ಬಂದ್ರೆ, ಗೆಲುವು ಸೋಲು ನೋಡ್ಲೇಬೇಡಿ. ಶುರುವಲ್ಲಿ ದೊಡ್ಡ ಪಿಚರ್ ಒಂದೆರಡು ಇನ್ನಿಂಗ್ಸ್ ಎಸೆದು ಹೋಗ್ತಾನೆ, ಪ್ರತಿ ಸಲ ಸ್ವಲ್ಪ ಸ್ವಲ್ಪ ಏರಿಸ್ಕೊಂಡು ಮಾರ್ಚ್ ಕೊನೆಗೆ ಐದಾರಕ್ಕೆ ಬರ್ತಾನೆ. ಬ್ಯಾಟರ್‌ಗಳು ಎರಡು ಮೂರು ಸಲ ಆಡಿ ಹೊರಗೆ. ಆರನೇ ಇನ್ನಿಂಗ್ಸ್ ಹೊತ್ತಿಗೆ ಬೆನ್ನ ಮೇಲೆ 80, 90 ನಂಬರಿರೋ ಮೈನರ್ ಲೀಗ್ ಹುಡುಗರೇ ತುಂಬಿರ್ತಾರೆ, ಹಾಗಾಗಿ ಕೊನೇಲಿ ಹೊಡೆದ ಹೋಮ್ ರನ್ ಬಂದಿದ್ದು ಯಾವ ಮಟ್ಟದ ಪಿಚರ್ ಕೈಯಿಂದ ಅಂತ ನೋಡ್ದೇ ಕುಣಿಯೋದು ಬೇಡ. ಪಿಚರ್ ಒಬ್ಬ ಹೊಸ ಥರದ ಎಸೆತ ಕಲೀತಿದ್ರೆ ಅದನ್ನೇ ಎಸೆದು ಎಸೆದು ಹೊಡೆಸ್ಕೊಳ್ತಾನೆ, ಅಂಕಿ ಕೆಟ್ಟದಾಗಿ ಕಾಣತ್ತೆ, ಅವನಿಗೆ ಅದು ಲೆಕ್ಕಕ್ಕಿಲ್ಲ. ನೋಡ್ಬೇಕಾಗಿರೋದು ವೇಗ ಕಳೆದ ವರ್ಷದಷ್ಟಿದೆಯಾ, ಗಾಯದಿಂದ ಬಂದವನು ಹಿಂದುಮುಂದು ನೋಡದೇ ಓಡ್ತಿದಾನಾ, ಯಾರನ್ನ ಯಾವ ಹೊಸ ಜಾಗದಲ್ಲಿ ನಿಲ್ಲಿಸಿ ನೋಡ್ತಿದಾರೆ, ಇಷ್ಟು. ಮತ್ತೆ ಸ್ಪ್ಲಿಟ್ ಸ್ಕ್ವಾಡ್ ಅಂತ ಬರೆದಿದ್ರೆ ಅವತ್ತು ಟೀಮು ಎರಡಾಗಿ ಎರಡು ಕಡೆ ಆಡತ್ತೆ ಅಂತ, ದೂರದ ಮೈದಾನಕ್ಕೆ ಹೋಗೋ ಗುಂಪಲ್ಲಿ ದೊಡ್ಡ ಹೆಸರು ಕಮ್ಮಿ.

ಹೊಸ ನಿಯಮಗಳು ಮೊದ್ಲು ಕಾಣೋದೂ ಇಲ್ಲೇ. 2023ರಲ್ಲಿ ಪಿಚ್ ಗಡಿಯಾರ (ಪಿಚರಿಗೂ ಬ್ಯಾಟರಿಗೂ ಸಮಯದ ಮಿತಿ) ಬಂದಾಗ ಫೆಬ್ರವರಿ 25ರ ಬಾಸ್ಟನ್-ಅಟ್ಲಾಂಟಾ ಮ್ಯಾಚು ಒಂಬತ್ತನೇ ಇನ್ನಿಂಗ್ಸಲ್ಲಿ ಬೇಸ್ ತುಂಬಿರೋವಾಗ ಬ್ಯಾಟರ್ ತಡ ಮಾಡಿದ ಅಂತ ಮೂರನೇ ಸ್ಟ್ರೈಕ್ ಕೊಟ್ಟು 6-6ಕ್ಕೆ ಮುಗಿದುಹೋಯ್ತು. 2026ರಿಂದ ಸ್ಟ್ರೈಕ್ ತೀರ್ಪಿಗೆ ಚಾಲೆಂಜ್ ಬರ್ತಿದೆ, ಟೀಮಿಗೆ ಎರಡು, ಸರಿಯಾದ್ರೆ ಉಳಿಯತ್ತೆ, ಕೇಳೋ ಹಕ್ಕು ಬ್ಯಾಟರ್, ಪಿಚರ್, ಕ್ಯಾಚರಿಗೆ ಮಾತ್ರ, ತಲೆ ತಟ್ಟಿ ತೋರಿಸ್ಬೇಕು. ಕ್ರಿಕೆಟಲ್ಲಿ ಡಿಆರ್‌ಎಸ್ ನೋಡಿದವರಿಗೆ ಒಂದೇ ದಿನದಲ್ಲಿ ಅರ್ಥ ಆಗತ್ತೆ.

ಪಿಯೋರಿಯಾದಲ್ಲಿದ್ರೆ ಒಂದು ದಿನ ಪಕ್ಕದ ಸರ್ಪ್ರೈಸಿಗೂ ಹೋಗಿ, ರೇಂಜರ್ಸ್ ಪಿಚರ್ ಕುಮಾರ್ ರಾಕರ್ ಅಲ್ಲಿರ್ತಾನೆ, ತಾಯಿ ಕಡೆಯಿಂದ ಭಾರತೀಯ ಮೂಲ, 2024ರ ಸೆಪ್ಟೆಂಬರಲ್ಲಿ ಮೊದಲ ಮ್ಯಾಚ್ ಆಡಿದ್ದು ಸಿಯಾಟಲಲ್ಲಿ ನಮ್ಮ ವಿರುದ್ಧಾನೇ. ಫ್ಲೋರಿಡಾಕ್ಕೆ ಹೋಗೋರು ಡನೀಡಿನ್‌ನ ಬ್ಲೂ ಜೇಸ್ ಕ್ಯಾಂಪಲ್ಲಿ ಅರ್ಜುನ್ ನಿಮ್ಮಲನ್ನ ಹುಡುಕಿ, ತೆಲುಗು ಮನೆಯ ಹುಡುಗ, 2023ರ ಡ್ರಾಫ್ಟಲ್ಲಿ 20ನೇ ಆಯ್ಕೆ. 2008ರಲ್ಲಿ ರಿಂಕು ಸಿಂಗ್ (ಕ್ರಿಕೆಟಿನವನಲ್ಲ), ದಿನೇಶ್ ಪಟೇಲ್ ಪಿಟ್ಸ್‌ಬರ್ಗ್ ಜೊತೆ ಸಹಿ ಮಾಡಿದ್ರೂ ಮೇಜರ್ ಲೀಗ್ ತನಕ ಹೋಗೋಕಾಗಲಿಲ್ಲ, ಈಗಿನ ಹುಡುಗರನ್ನ ಹತ್ತಿರದಿಂದ ನೋಡೋ ಅವಕಾಶ ಬಿಡ್ಬೇಡಿ.

9. ಮನೇಲೇ ಕೂತು ನೋಡೋರಿಗೆ

ಎಲ್ಲಾ ಸ್ಪ್ರಿಂಗ್ ಮ್ಯಾಚ್ ಟಿವೀಲಿ ಬರಲ್ಲ, ಕೆಲವು ಬರೀ ರೇಡಿಯೋ, ಎಂಎಲ್‌ಬಿ ಆ್ಯಪಲ್ಲಿ ಕೇಳ್ಬಹುದು, ಸ್ಕೋರ್ ಬರೆಯೋ ಅಭ್ಯಾಸಕ್ಕೆ ರೇಡಿಯೋನೇ ಒಳ್ಳೇದು. ಹಳೇ ಎಂಎಲ್‌ಬಿ ಟಿವಿ ಚಂದಾ ಇದ್ರೆ ಸೀಸನ್ನಿಗೆ ಮುಂಚೆ ತಾನಾಗೇ ರಿನ್ಯೂ ಆಗಿ ಕಾರ್ಡಿಂದ ದುಡ್ಡು ಹೋಗತ್ತೆ, ಬೇಡಾಂದ್ರೆ ಫೆಬ್ರವರೀಲೇ ನಿಲ್ಲಿಸಿ. ಅಮೆರಿಕದಲ್ಲಿ ಇರೋರು ಬ್ಲ್ಯಾಕ್‌ಔಟ್ ನೋಡ್ಕೊಳ್ಳಿ, ಅಂದ್ರೆ ನೀವಿರೋ ಊರಿನ ಟೀಮಿನ ಮ್ಯಾಚನ್ನ ಮಾಮೂಲಿ ಚಂದಾದಲ್ಲಿ ತೋರಿಸಲ್ಲ.

ಬೆಂಗ್ಳೂರಿನವರಿಗೆ ಸಮಯ: ಫ್ಲೋರಿಡಾದಲ್ಲಿ ಮಧ್ಯಾಹ್ನ 1:05ರ ಮ್ಯಾಚ್ ನಮಗೆ ರಾತ್ರಿ 11:35, ಮಾರ್ಚ್ ಎರಡನೇ ಭಾನುವಾರ ಅಮೆರಿಕದಲ್ಲಿ ಗಡಿಯಾರ ಮುಂದಿಟ್ಟ ಮೇಲೆ 10:35. ಅರಿಜೋನಾದಲ್ಲಿ ಗಡಿಯಾರ ಬದಲಾಯ್ಸಲ್ಲ, ಅಲ್ಲಿನ 1:10 ಯಾವಾಗ್ಲೂ ನಮಗೆ ನಡುರಾತ್ರಿ 1:40, ಹಾಗಾಗಿ ಮಾರನೇ ದಿನ ಆಫೀಸಿದ್ರೆ ಫ್ಲೋರಿಡಾ ಮ್ಯಾಚುಗಳನ್ನೇ ಇಟ್ಕೊಳ್ಳಿ. 2026ರ ಸೀಸನ್ ಮಾರ್ಚ್ 25ರ ಸಂಜೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಯಾಂಕೀಸ್-ಜೈಂಟ್ಸ್ ಮ್ಯಾಚಿಂದ ಶುರು, ಅಂದ್ರೆ ನಮಗೆ 26ರ ಬೆಳಗಿನ ಜಾವ, ಈ ಒಂದು ಮ್ಯಾಚ್ ನೆಟ್‌ಫ್ಲಿಕ್ಸಲ್ಲಿ.

ಕೊನೇದಾಗಿ ಒಂದು ತಾರೀಖು ಈಗ್ಲೇ ಬರೆದಿಟ್ಕೊಳ್ಳಿ: 2026ರ ಡಿಸೆಂಬರ್ 1. ಮಾಲೀಕರಿಗೂ ಆಟಗಾರರ ಸಂಘಕ್ಕೂ ಇರೋ ಈಗಿನ ಒಪ್ಪಂದ ಅವತ್ತು ಮುಗಿಯತ್ತೆ. ಹೋದ ಸಲ ಹೀಗೆ ಮುಗಿದಾಗ 99 ದಿನ ಬೀಗ ಬಿದ್ದಿತ್ತು, 2021ರ ಡಿಸೆಂಬರಿಂದ 2022ರ ಮಾರ್ಚ್ 10ರವರೆಗೆ ಸಹಿ ಇಲ್ಲ, ಟ್ರೇಡ್ ಇಲ್ಲ, ಕ್ಯಾಂಪೂ ತಡವಾಗಿ ಶುರುವಾಯ್ತು. ಹಾಗಾಗಿ 2027ರ ಮಾರ್ಚಿಗೆ ಫೀನಿಕ್ಸ್ ಹೋಟೆಲ್ ಬುಕ್ ಮಾಡೋರು ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಬರೋ ಥರದ್ದೇ ಮಾಡಿ.